ಅಕಾರ್ಡಿಯನ್‌ನಲ್ಲಿ ಬೆಲ್ಲೋಸ್ ಶೇಕ್: ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕಾರು ಹಾಡು ಸಲೀಸಾಗಿ ನುಡಿಸಲು ಬಂದ ಮೇಲೆ ಅಕಾರ್ಡಿಯನ್ ಕಲಿಯುವವರ ಮನಸ್ಸು ಬೆಲ್ಲೋಸ್ ಶೇಕ್ ಕಡೆ ಹೊರಳುತ್ತದೆ. ಯಾರೋ ನುಡಿಸುವ ವಿಡಿಯೊ ನೋಡಿರುತ್ತಾರೆ. ಬೆರಳು ಅಲ್ಲಾಡುತ್ತಿಲ್ಲ, ಸ್ವರ ಮಾತ್ರ ತಟತಟ ಅಂತ ಉದುರುತ್ತಿದೆ. ತಾವೂ ಕೈ ಹಾಕುತ್ತಾರೆ. ಒಂದು ನಿಮಿಷದೊಳಗೆ ಎಡಗೈ ಸೋತುಹೋಗುತ್ತದೆ. ಆಮೇಲೆ ಪ್ರಶ್ನೆಗಳು ಶುರು. ಅವುಗಳಲ್ಲಿ ಮುಖ್ಯವಾದವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು.

ಬೆಲ್ಲೋಸ್ ಶೇಕ್ ಅಂದರೆ ಏನು?

ಒಂದು ಕೀ ಅಥವಾ ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಕೆಲವು ಸ್ವರ) ಒತ್ತಿ ಹಿಡಿದುಕೊಂಡು, ಬೆಲ್ಲೋಸನ್ನು, ಅಂದರೆ ವಾದ್ಯದ ನಡುವಿನ ಮಡಿಕೆಯ ತಿದಿಯನ್ನು, ಚಿಕ್ಕ ಚಿಕ್ಕದಾಗಿ, ಬೇಗ ಬೇಗ ಎಳೆದು ತಳ್ಳುವುದು. ಬೆರಳು ಒತ್ತಿದಲ್ಲೇ ಇರುತ್ತದೆ. ಲಯ ಪೂರ್ತಿ ಎಡಗೈಯಿಂದ ಬರುತ್ತದೆ.

ಸದ್ದು ಹಾಗೆ ತುಂಡು ತುಂಡಾಗಿ ಬರುವುದಕ್ಕೆ ಕಾರಣ ವಾದ್ಯದ ಒಳಗಿದೆ. ಪಿಯಾನೊ ಅಕಾರ್ಡಿಯನ್‌ನಲ್ಲಿ ಪ್ರತಿ ಸ್ವರಕ್ಕೂ ಕಡಿಮೆಯೆಂದರೆ ಒಂದು ಲೋಹದ ತಟ್ಟೆ ಇರುತ್ತದೆ. ಅದರ ಎರಡು ಬದಿಗೆ ಒಂದೊಂದು ರೀಡ್, ಅಂದರೆ ಗಾಳಿಗೆ ನಡುಗಿ ನುಡಿಯುವ ತೆಳು ಲೋಹದ ನಾಲಿಗೆ. ಎಳೆದಾಗ ಒಂದು ರೀಡ್ ನುಡಿಯುತ್ತದೆ, ತಳ್ಳಿದಾಗ ಇನ್ನೊಂದು. ಎರಡಕ್ಕೂ ಶ್ರುತಿ ಒಂದೇ. ಸುಮ್ಮನಿರುವ ರೀಡ್‌ನಿಂದ ಗಾಳಿ ಪೋಲಾಗದಂತೆ ಚರ್ಮದ್ದೋ ಪ್ಲಾಸ್ಟಿಕ್‌ನದ್ದೋ ಒಂದು ಸಣ್ಣ ಪಟ್ಟಿ ಮುಚ್ಚಿಕೊಳ್ಳುತ್ತದೆ. ಬೆಲ್ಲೋಸ್ ತಿರುಗಿದ ಕ್ಷಣದಲ್ಲಿ ಒಂದು ರೀಡ್ ನಿಂತು ಇನ್ನೊಂದು ಶುರುವಾಗುತ್ತದೆ. ಆ ತಿರುವಿನಲ್ಲೇ ನಿಮಗೆ ಕೇಳುವ ಹೊಡೆತ ಇರುವುದು.

ನನಗೆ ಹಾರ್ಮೋನಿಯಂ ಬರುತ್ತದೆ. ಇದು ಬೇಗ ಬರಬಹುದಾ?

ಬೆರಳಿಗೆ ಲಾಭ ಇದೆ, ಎಡಗೈಗೆ ಅಷ್ಟಿಲ್ಲ. ಹಾರ್ಮೋನಿಯಂನಲ್ಲಿ ನಾವು ಒತ್ತುವ ತಿದಿಯ ಗಾಳಿ ಮೊದಲು ಒಳಗಿನ ಇನ್ನೊಂದು ತಿದಿಗೆ ಹೋಗಿ ತುಂಬಿಕೊಳ್ಳುತ್ತದೆ. ಅಲ್ಲಿಂದ ಸ್ಪ್ರಿಂಗ್ ಒತ್ತಡದಲ್ಲಿ ಒಂದೇ ಸಮನೆ ರೀಡ್‌ಗೆ ಬರುತ್ತದೆ. ನಾಟಕ ಕಂಪನಿಯ ಮೇಷ್ಟ್ರು ಮಾತಾಡುತ್ತಾ, ಆಗೀಗ ಕೈ ಬಿಟ್ಟು ಬಿಟ್ಟು ಒತ್ತಿದರೂ ಸ್ವರ ಕಡಿಯದೆ ಇರುವುದು ಅದಕ್ಕೇ. ಅಕಾರ್ಡಿಯನ್‌ನಲ್ಲಿ ಆ ಮಧ್ಯದ ಸಂಗ್ರಹ ಇಲ್ಲ. ಕೈ ಏನು ಮಾಡಿತೋ ಅದೇ ಸೀದಾ ಕಿವಿಗೆ. ಹಾರ್ಮೋನಿಯಂನವರ ಕೈ ಗಾಳಿಯನ್ನು ಒಂದೇ ಸಮ ಇಡೋಕೆ ಪಳಗಿರುತ್ತದೆ. ಇಲ್ಲಿ ಆ ಸಮವನ್ನು ಬೇಕಂತಲೇ ಕಡಿಯಬೇಕು. ಮೊದಲ ಕೆಲವು ವಾರ ಕೈ ಒಪ್ಪುವುದಿಲ್ಲ. ಆಮೇಲೆ ಒಪ್ಪುತ್ತದೆ.

ನನ್ನ ಬಟನ್ ಅಕಾರ್ಡಿಯನ್‌ನಲ್ಲಿ ಎಳೆದರೆ ಒಂದು ಸ್ವರ, ತಳ್ಳಿದರೆ ಬೇರೆ ಸ್ವರ. ಇದರಲ್ಲಿ ಆಗುತ್ತಾ?

ಇದು ಡಯಾಟೋನಿಕ್ ಜಾತಿಯ ವಾದ್ಯ. ಒಂದೇ ಬಟನ್ ಹಿಡಿದು ಅಲ್ಲಾಡಿಸಿದರೆ ಎರಡು ಸ್ವರ ಅದಲು ಬದಲಾಗಿ ಕೇಳುತ್ತವೆ. ಅದಕ್ಕೂ ಒಂದು ಚಂದ ಇದೆ, ಆದರೆ ಈ ಪುಟದಲ್ಲಿ ಹೇಳುವ ಶೇಕ್ ಅದಲ್ಲ. ಎರಡೂ ಕಡೆ ಒಂದೇ ಸ್ವರ ಕೊಡುವ ಪಿಯಾನೊ ಅಕಾರ್ಡಿಯನ್, ಕ್ರೊಮ್ಯಾಟಿಕ್ ಬಟನ್ ಅಕಾರ್ಡಿಯನ್, ರಷ್ಯಾದ ಬಯಾನ್ ಇದಕ್ಕೆ ಸರಿ.

ಯಾವಾಗ ಶುರು ಮಾಡಬೇಕು?

ಒಂದು ಸ್ವರವನ್ನು ಎಂಟು ಎಣಿಕೆ ಎಳೆಯುತ್ತಾ, ಎಂಟು ಎಣಿಕೆ ತಳ್ಳುತ್ತಾ, ದನಿ ಏರದೆ ಇಳಿಯದೆ ಹಿಡಿಯಲು ಬಂದಾಗ. ನಿಧಾನದಲ್ಲೇ ಗಾಳಿ ಹಿಡಿತಕ್ಕೆ ಬಂದಿಲ್ಲ ಅಂದರೆ ವೇಗದಲ್ಲಿ ಖಂಡಿತ ಬರಲ್ಲ.

ಕೂರುವ ರೀತಿ, ಪಟ್ಟಿ, ಇದೆಲ್ಲ ಅಷ್ಟು ಮುಖ್ಯವಾ?

ಹೌದು, ತುಂಬಾ. ಶೇಕ್ ಬರುತ್ತಿಲ್ಲ ಅಂತ ಬರುವವರಲ್ಲಿ ಹೆಚ್ಚಿನವರ ತೊಂದರೆ ಕೈಯಲ್ಲಿ ಇರುವುದೇ ಇಲ್ಲ. ವಾದ್ಯ ಅಲ್ಲಾಡುತ್ತಿರುತ್ತದೆ. ಎಡಗಡೆಯ ಪೆಟ್ಟಿಗೆ ತಳ್ಳಿದಾಗ ಬಲಗಡೆಯ ಕೀಬೋರ್ಡೂ ಜೊತೆಗೆ ಸರಿದುಹೋದರೆ ಬೆಲ್ಲೋಸ್ ಮುಚ್ಚುವುದಾದರೂ ಹೇಗೆ? ಹಾಕಿದ ಬಲದ ಅರ್ಧ ಅಲ್ಲೇ ಹಾಳು.

ಕೈ ಇಲ್ಲದ ಗಟ್ಟಿ ಕುರ್ಚಿಯ ಮುಂದಿನ ಅರ್ಧಭಾಗದಲ್ಲಿ ಕೂತುಕೊಳ್ಳಿ. ಪಾದ ಎರಡೂ ನೆಲಕ್ಕೆ ಊರಿರಲಿ. ಕೀಬೋರ್ಡಿನ ಕೆಳತುದಿ ಬಲತೊಡೆಯ ಒಳಬದಿಗೆ ಒತ್ತಿ ನಿಲ್ಲಬೇಕು. ತಳ್ಳಿದಾಗ ವಾದ್ಯವನ್ನು ತಡೆದು ನಿಲ್ಲಿಸುವುದು ಆ ತೊಡೆ. ಬೆಲ್ಲೋಸ್‌ನ ಕೆಳಭಾಗ ಎಡತೊಡೆಯ ಮೇಲೆ ಕೂರಲಿ. ಭುಜದ ಪಟ್ಟಿ ವಾದ್ಯ ಎದೆಗೆ ತಾಗುವಷ್ಟು ಬಿಗಿಯಾಗಿರಲಿ. ಎರಡು ಪಟ್ಟಿಗಳನ್ನು ಬೆನ್ನ ಹಿಂದೆ ಸೇರಿಸುವ ಅಡ್ಡಪಟ್ಟಿ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಖರ್ಚು ಕಡಿಮೆ, ಲಾಭ ಜಾಸ್ತಿ.

ಎಡಗೈ ತೂರಿಸುವ ಪಟ್ಟಿಯನ್ನು ಎಲ್ಲರೂ ಮರೆಯುತ್ತಾರೆ. ಅದು ಸಡಿಲ ಇದ್ದರೆ ಎಳೆಯುವಾಗ ಕೈ ಮೊದಲು ಪಟ್ಟಿಗೆ ಹೋಗಿ ತಾಗಬೇಕು, ಆಮೇಲೆ ಪೆಟ್ಟಿಗೆ ಚಲಿಸಬೇಕು. ತಳ್ಳುವಾಗ ಮತ್ತೆ ಅಂಗೈ ಪೆಟ್ಟಿಗೆಗೆ ಬಂದು ತಾಗಬೇಕು. ಈ ಎರಡು ಸಣ್ಣ ತಡಗಳೇ ಲಯ ಕೆಡಿಸುತ್ತವೆ. ಬಾಸ್ ಕಡೆಯ, ಅಂದರೆ ಎಡಗೈ ಕಡೆಯ, ಪೆಟ್ಟಿಗೆಯ ಮೇಲೆ ಒಂದು ತಿರುಗಿಸುವ ಚಕ್ರ ಇರುತ್ತದಲ್ಲ, ಅದರಿಂದ ಪಟ್ಟಿ ಬಿಗಿ ಮಾಡಿ. ಬಾಸ್ ಬಟನ್‌ಗಳಿಗೆ ಬೆರಳು ಎಟುಕಬೇಕು, ಆದರೆ ಕೈಗೂ ಪಟ್ಟಿಗೂ ನಡುವೆ ಸಂದು ಇರಬಾರದು.

ಬೆಲ್ಲೋಸ್ ಎಷ್ಟು ತೆರೆದಿರಬೇಕು? ಎಷ್ಟು ಅಲ್ಲಾಡಿಸಬೇಕು?

ಹೆಚ್ಚುಕಡಿಮೆ ಮುಚ್ಚಿದ ಸ್ಥಿತಿಯಿಂದ ಶುರು ಮಾಡಿ. ಕೆಳಗಿನ ಮಡಿಕೆಗಳು ಮುಚ್ಚಿಕೊಂಡೇ ಇರಲಿ, ಮೇಲುಗಡೆ ಮಾತ್ರ ಬೀಸಣಿಗೆಯ ಥರ ಬಿಚ್ಚಿಕೊಳ್ಳಲಿ. ಮೇಲಂಚು ನಾಲ್ಕೈದು ಸೆಂಟಿಮೀಟರ್ ತೆರೆದಿದ್ದರೆ ಸಾಕು. ಅಲ್ಲಿಂದ ಅತ್ತ ಇತ್ತ ಎರಡು ಮೂರು ಸೆಂಟಿಮೀಟರ್ ಚಲನೆ. ವೇಗ ಏರಿದಂತೆ ಇದು ಇನ್ನೂ ಚಿಕ್ಕದಾಗುತ್ತದೆ.

ಬೆಲ್ಲೋಸ್ ಅಗಲವಾಗಿ ತೆರೆದಿದ್ದಾಗ ಶೇಕ್ ಮಾಡೋಕೆ ಹೋದರೆ ಏನಾಗುತ್ತದೆ ಗೊತ್ತಾ? ಒಳಗೆ ಗಾಳಿ ಜಾಸ್ತಿ. ಗಾಳಿ ಕುಗ್ಗುತ್ತದೆ, ಹಿಗ್ಗುತ್ತದೆ. ಜಾಸ್ತಿ ಗಾಳಿ ಇದ್ದಷ್ಟೂ ಕೈಯ ತಿರುವು ರೀಡ್‌ಗೆ ಮೆತ್ತಗಾಗಿ ತಲುಪುತ್ತದೆ. ಜೊತೆಗೆ ಬಾಸ್ ಪೆಟ್ಟಿಗೆ ಮೈಯಿಂದ ದೂರ ಹೋಗಿರುವುದರಿಂದ ಅದರ ತೂಕ ಪೂರ್ತಿ ತೋಳಿನ ಮೇಲೆ ಬೀಳುತ್ತದೆ. 120 ಬಾಸ್‌ನ (ಎಡಗೈಗೆ 120 ಬಟನ್ ಇರುವ) ವಾದ್ಯ ಅಂದರೆ ಸಾಮಾನ್ಯವಾಗಿ 10 ಕೆಜಿ, ಅದಕ್ಕಿಂತ ಜಾಸ್ತಿಯೂ ಇರಬಹುದು. ಆ ಭಾರ ಹೊತ್ತುಕೊಂಡು ನಡುಗಿಸೋಕೆ ಯಾರಿಂದಲೂ ಬಹಳ ಹೊತ್ತು ಆಗಲ್ಲ.

ಹಾಗಾಗಿ ಹಾಡಿನಲ್ಲಿ ಶೇಕ್ ಬರುವ ಜಾಗಕ್ಕೆ ಮುಂಚೆಯೇ ಲೆಕ್ಕ ಹಾಕಿ. ಅದರ ಹಿಂದಿನ ಸಾಲನ್ನು ತಳ್ಳುತ್ತಾ ನುಡಿಸಿದರೆ ಶೇಕ್ ಹೊತ್ತಿಗೆ ಬೆಲ್ಲೋಸ್ ಮುಚ್ಚುವ ಹಂತಕ್ಕೆ ಬಂದಿರುತ್ತದೆ. ಒಳ್ಳೆ ವಾದಕರು ಈ ಲೆಕ್ಕವನ್ನು ಹಾಡು ಕಲಿಯುವಾಗಲೇ ಬರೆದಿಟ್ಟುಕೊಳ್ಳುತ್ತಾರೆ.

ಮೊದಲ ಅಭ್ಯಾಸ ಹೇಗೆ?

ಬಲಗೈಯಲ್ಲಿ ಒಂದೇ ಸ್ವರ ಹಿಡಿಯಿರಿ. ವಾದ್ಯದ ಮಧ್ಯಭಾಗದ ಯಾವುದಾದರೂ ಸ್ವರ. ತಾಳ ಬಡಿಯುವ ಯಂತ್ರ, ಮೆಟ್ರೊನೋಮ್, 60ಕ್ಕೆ (ನಿಮಿಷಕ್ಕೆ 60 ಬೀಟ್) ಇಡಿ. ಒಂದು ಬೀಟ್‌ಗೆ ಎರಡು ಚಲನೆ: ಎಳೆ, ತಳ್ಳು. ಇದು ಸಲೀಸಾದ ಮೇಲೆ ಅದೇ 60ರಲ್ಲಿ ಬೀಟ್‌ಗೆ ನಾಲ್ಕು. ಬಾಯಲ್ಲಿ ತಕಧಿಮಿ ಅಂತ ಹೇಳುತ್ತಾ ಮಾಡಿ. ತ ಎಳೆತ, ಕ ತಳ್ಳು, ಧಿ ಎಳೆತ, ಮಿ ತಳ್ಳು. ನಮ್ಮ ಕಡೆ ಸಂಗೀತ ಕೇಳಿ ಬೆಳೆದವರಿಗೆ ಒಂದು ಎರಡು ಅಂತ ಎಣಿಸುವುದಕ್ಕಿಂತ ಇದು ಬೇಗ ಕೈಗೆ ಇಳಿಯುತ್ತದೆ.

ಒಂದು ಸಲಕ್ಕೆ ಅರ್ಧ ನಿಮಿಷ. ಕೈ ಇಳಿಬಿಟ್ಟು ಸಡಿಲಿಸಿ. ಮತ್ತೆ ಅರ್ಧ ನಿಮಿಷ. ದಿನಕ್ಕೆ ಒಟ್ಟು ಐದು ನಿಮಿಷ ಸಾಕು. ಭಾನುವಾರ ಒಂದೇ ಸಲ ಒಂದು ಗಂಟೆ ಮಾಡುವುದಕ್ಕಿಂತ ದಿನಾ ಐದು ನಿಮಿಷ ಮಾಡಿದವರೇ ಮುಂದೆ ಹೋಗುವುದನ್ನು ನೋಡಿದ್ದೇನೆ. ವೇಗ ಏರಿಸುವಾಗ 4 ಅಂಕಿಗಿಂತ ಜಾಸ್ತಿ ಜಿಗಿಯಬೇಡಿ. 60, 64, 68 ಹೀಗೆ.

ಚಲನೆ ಮೊಣಕೈ ಕೆಳಗಿನ ತೋಳಿನಿಂದ ಹೊರಡಬೇಕು. ಮೇಲ್ತೋಳು ಜೊತೆಗೆ ಸ್ವಲ್ಪ ಹೋಗುತ್ತದೆ, ಹೋಗಲಿ. ಭುಜ ಕಿವಿಯ ಕಡೆ ಏರುತ್ತಿದ್ದರೆ ನಿಲ್ಲಿಸಿ. ಒಂದು ಕನ್ನಡಿ ಎದುರಿಗೆ ಇಟ್ಟುಕೊಂಡರೆ ಇದು ತಕ್ಷಣ ಕಾಣುತ್ತದೆ. ಬಲಗೈ ಕಡೆಗೂ ಕಣ್ಣಿಡಿ. ಎಡಗೈ ಕಷ್ಟಪಡುವಾಗ ಬಲಗೈ ಬೆರಳು ತಾನಾಗೇ ಕೀಯನ್ನು ಹಿಸುಕುತ್ತಿರುತ್ತದೆ. ಕೀ ಕೆಳಗಿದ್ದರೆ ಸಾಕು, ಒತ್ತಡ ಬೇಡ.

ಎಳೆದಾಗ ಜೋರಾಗಿ, ತಳ್ಳಿದಾಗ ಮೆತ್ತಗೆ ಬರುತ್ತದೆ. ಸರಿ ಮಾಡುವುದು ಹೇಗೆ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಬೆಲ್ಲೋಸ್ ಶೇಕ್ ಕಲಿಯುವುದು ಅಂದರೆ ಎರಡು ಹೊಡೆತ ಸಮ ಮಾಡುವುದನ್ನು ಕಲಿಯುವುದು. ವೇಗ ಅದರ ಹಿಂದೆ ತಾನೇ ಬರುತ್ತದೆ. ಸಮ ಇಲ್ಲದೆ ಬಂದ ವೇಗ ಕಿವಿಗೆ ಬರೀ ಗದ್ದಲ.

ಎಳೆಯುವಾಗ ಬಾಸ್ ಪೆಟ್ಟಿಗೆ ಕೆಳಕ್ಕೂ ಹೊರಕ್ಕೂ ಹೋಗುತ್ತದೆ. ಅದರ ಸ್ವಂತ ತೂಕವೇ ನಿಮಗೆ ಸಹಾಯ. ತಳ್ಳುವಾಗ ಅದೇ ತೂಕವನ್ನು ಮೇಲಕ್ಕೂ ಒಳಕ್ಕೂ ತರಬೇಕು. ಅದಕ್ಕೇ ತಳ್ಳುವ ಹೊಡೆತ ಮೆತ್ತಗೆ, ಸ್ವಲ್ಪ ತಡವಾಗಿ ಬೀಳುತ್ತದೆ. ನಿಮ್ಮದು ಸಮ ಇದೆಯಾ ಅಂತ ನೋಡುವುದು ಸುಲಭ. ಅರ್ಧ ನಿಮಿಷ ಶೇಕ್ ಮಾಡಿ, ನಿಲ್ಲಿಸಿ, ಬೆಲ್ಲೋಸ್ ಕಡೆ ನೋಡಿ. ಶುರುವಿನಲ್ಲಿ ನಾಲ್ಕು ಬೆರಳಿನಷ್ಟು ತೆರೆದಿದ್ದುದು ಈಗ ಒಂದು ಗೇಣು ತೆರೆದಿದೆ ಅಂದರೆ ಪ್ರತಿ ಸಲವೂ ಎಳೆದಷ್ಟು ತಳ್ಳಿಲ್ಲ ಅಂತಲೇ ಅರ್ಥ. ಪೂರ್ತಿ ಮುಚ್ಚಿಹೋಗಿ ಟಪ್ ಅಂತ ಬಡಿಯುತ್ತಿದ್ದರೆ ಉಲ್ಟಾ. ಶುರು ಮಾಡಿದ ಜಾಗದಲ್ಲೇ ನಿಂತಿರಬೇಕು.

ಕಿವಿಗೆ ಪರೀಕ್ಷೆ ಫೋನ್ ರೆಕಾರ್ಡಿಂಗ್. ನುಡಿಸುವಾಗ ತೋಳಿನ ಶ್ರಮ ಕಿವಿಯನ್ನು ಮೋಸ ಮಾಡುತ್ತದೆ. ಕಷ್ಟಪಟ್ಟು ತಳ್ಳಿದ್ದು ಜೋರಾಗಿಯೇ ಕೇಳಿದ ಹಾಗೆ ಅನಿಸುತ್ತದೆ. ರೆಕಾರ್ಡಿಂಗ್‌ನಲ್ಲಿ ನಿಜ ಗೊತ್ತಾಗುತ್ತದೆ.

ಸರಿ ಮಾಡಲು ಒಂದು ಅಭ್ಯಾಸ ಹೇಳುತ್ತೇನೆ. ನಿಧಾನದಲ್ಲಿ ಎಳೆತ, ತಳ್ಳು ಮಾಡುತ್ತಾ ತಳ್ಳುವುದಕ್ಕೆ ಮಾತ್ರ ಒತ್ತು ಕೊಡಿ. ತಕಧಿಮಿಯಲ್ಲಿ ಕ, ಮಿ ಎರಡು ಜೋರಾಗಿ. ಮೊದಲು ವಿಚಿತ್ರ ಅನಿಸುತ್ತದೆ, ಯಾಕೆಂದರೆ ಒತ್ತು ಬೀಟ್‌ನ ಮೇಲೆ ಬೀಳುತ್ತಿಲ್ಲ. ಇದನ್ನು ಒಂದು ವಾರ ಮಾಡಿ. ಆಮೇಲೆ ಒತ್ತು ತೆಗೆದು ನುಡಿಸಿ ನೋಡಿ. ಇನ್ನೊಂದು ಉಪಾಯ: ಶೇಕನ್ನು ತಳ್ಳುವ ಹೊಡೆತದಿಂದಲೇ ಶುರು ಮಾಡುವುದು. ಆಗ ಬೀಟ್ ಬೀಳುವುದೇ ತಳ್ಳುವಾಗ, ಕೈಗೆ ಬೇರೆ ದಾರಿ ಇರಲ್ಲ.

ಮೂರರ ಗತಿಯಲ್ಲಿ ತಪ್ಪಿಹೋಗುತ್ತದೆ. ಯಾಕೆ?

ತಕಿಟ ತಕಿಟ ಅಂತ ಹೇಳಿಕೊಂಡು ಕೈ ಚಲನೆ ಗಮನಿಸಿ. ಮೊದಲ ತಕಿಟ ಎಳೆತದಿಂದ ಶುರುವಾಗುತ್ತದೆ: ಎಳೆ, ತಳ್ಳು, ಎಳೆ. ಹಾಗಾಗಿ ಎರಡನೇ ತಕಿಟ ತಳ್ಳುವುದರಿಂದ ಶುರು: ತಳ್ಳು, ಎಳೆ, ತಳ್ಳು. ಒತ್ತು ಒಂದು ಸಲ ಎಳೆತಕ್ಕೆ, ಒಂದು ಸಲ ತಳ್ಳುವುದಕ್ಕೆ ಬೀಳುತ್ತದೆ. ನಾಲ್ಕರ ಗತಿಯಲ್ಲಿ ಒತ್ತು ಯಾವಾಗಲೂ ಎಳೆತಕ್ಕೇ ಬೀಳುವುದರಿಂದ ತಳ್ಳುವ ಹೊಡೆತದ ಸೋಮಾರಿತನ ಮುಚ್ಚಿಹೋಗಿರುತ್ತದೆ. ತಿಶ್ರದಲ್ಲಿ ಅದು ಬಯಲಿಗೆ ಬರುತ್ತದೆ. ತಪ್ಪುತ್ತಿದೆ ಅಂದರೆ ಹಿಂದಿನ ಪ್ರಶ್ನೆಯ ಅಭ್ಯಾಸಕ್ಕೆ ವಾಪಸ್ ಹೋಗಿ. ಸರಿಯಾದ ಮೇಲೆ ತಕತಕಿಟ, ಐದರದ್ದು, ಮಾಡಿ ನೋಡಿ. ಅದೂ ಬೆಸ ಸಂಖ್ಯೆ ಆದ್ದರಿಂದ ಒತ್ತು ಹೀಗೇ ಅದಲು ಬದಲಾಗುತ್ತದೆ, ಬಹಳ ಖುಷಿ ಕೊಡುತ್ತದೆ.

ಎಷ್ಟು ವೇಗ ಬಂದರೆ ಬಂತು ಅಂತ ಲೆಕ್ಕ?

ಮೆಟ್ರೊನೋಮ್ 120ರಲ್ಲಿ ಬೀಟ್‌ಗೆ ನಾಲ್ಕು, ಅಂದರೆ ಸೆಕೆಂಡಿಗೆ ಎಂಟು ಹೊಡೆತ, ಬಂದರೆ ಬಹಳಷ್ಟು ಸಂಗೀತಕ್ಕೆ ಸಾಕು. 90ರಲ್ಲಿ ಸ್ವಚ್ಛವಾಗಿ ಬಂದರೂ ವೇದಿಕೆಯ ಮೇಲೆ ಚೆನ್ನಾಗಿ ಕೇಳುತ್ತದೆ.

ತೋಳು ಉರಿಯುತ್ತದೆ, ಮೊಣಕೈ ನೋಯುತ್ತದೆ. ಮುಂದುವರಿಸಬಹುದಾ?

ಎರಡೂ ಬೇರೆ ಬೇರೆ. ಮುಂದೋಳಿನ ಸ್ನಾಯು ಬಿಸಿಯಾಗಿ ಉರಿದು, ಕೈ ಬಿಟ್ಟ ಎರಡು ನಿಮಿಷದಲ್ಲಿ ಇಳಿದುಹೋದರೆ ಅದು ದಣಿವು. ವಿರಾಮ ಕೊಟ್ಟು ಮಾಡಿ. ಮೊಣಕೈ ಹತ್ತಿರ, ಮಣಿಕಟ್ಟಿನಲ್ಲಿ, ಭುಜದ ಕೀಲಿನಲ್ಲಿ ಚುಚ್ಚುವ ನೋವು ಬಂದರೆ, ಮಾರನೇ ದಿನವೂ ಉಳಿದರೆ, ನಿಲ್ಲಿಸಿ. ನೋವು ಹೋಗುವ ತನಕ ಶೇಕ್ ಬೇಡ, ಹೋಗದಿದ್ದರೆ ವೈದ್ಯರಿಗೆ ತೋರಿಸಿ. ನೋವು ನುಂಗಿಕೊಂಡು ಅಭ್ಯಾಸ ಮಾಡುವುದನ್ನು ಶ್ರದ್ಧೆ ಅಂತ ನಾನು ಒಪ್ಪುವುದಿಲ್ಲ. ಈ ವಾದ್ಯ ಕೈಗಳಿಗೆ ಕೊಡುವ ಕೆಲಸವೇ ಜಾಸ್ತಿ, ಕೈ ಉಳಿಸಿಕೊಳ್ಳಬೇಕು.

ದೊಡ್ಡ ವಾದ್ಯ ಭಾರ ಆಗುತ್ತಿದ್ದರೆ 48 ಅಥವಾ 72 ಬಾಸ್‌ನದ್ದರಲ್ಲಿ ಕಲಿಯಿರಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೆಳಗಿನ ಸ್ವರಗಳಲ್ಲಿ ಶೇಕ್ ಸ್ಪಷ್ಟವಾಗಿ ಬರುವುದಿಲ್ಲ. ವಾದ್ಯದ ದೋಷವಾ?

ಇರಬೇಕಾಗಿಲ್ಲ. ಮಂದ್ರ ಸ್ವರದ ರೀಡ್ ಉದ್ದ, ತೂಕ ಜಾಸ್ತಿ. ಅದು ನಡುಗಲು ಶುರು ಮಾಡುವುದಕ್ಕೇ ಹೆಚ್ಚು ಸಮಯ ಬೇಕು. ಸೆಕೆಂಡಿಗೆ ಎಂಟು ಹೊಡೆತ ಅಂದರೆ ಪ್ರತಿ ಹೊಡೆತಕ್ಕೆ ಸಿಗುವುದು ಸೆಕೆಂಡಿನ ಎಂಟನೇ ಒಂದು ಭಾಗ. ಅಷ್ಟರಲ್ಲಿ ದೊಡ್ಡ ರೀಡ್ ಪೂರ್ತಿ ದನಿ ತೆಗೆಯುವ ಮೊದಲೇ ಗಾಳಿ ತಿರುಗಿಬಿಟ್ಟಿರುತ್ತದೆ. ಮಧ್ಯ, ತಾರ ಭಾಗದಲ್ಲಿ ಶೇಕ್ ಇಡಿ.

ರಿಜಿಸ್ಟರ್, ಅಂದರೆ ಯಾವ ರೀಡ್ ನುಡಿಯಬೇಕು ಅಂತ ಆರಿಸುವ ಸ್ವಿಚ್, ಕೂಡ ನೋಡಿಕೊಳ್ಳಿ. ಮಾಸ್ಟರ್ ರಿಜಿಸ್ಟರ್‌ನಲ್ಲಿ ಒಂದು ಕೀಗೆ ಮೂರು ನಾಲ್ಕು ರೀಡ್ ಒಟ್ಟಿಗೆ ನುಡಿಯುತ್ತವೆ, ಅಷ್ಟಕ್ಕೂ ಗಾಳಿ ಬೇಕು. ಕಲಿಯುವಾಗ ಕ್ಲಾರಿನೆಟ್‌ನಂಥ ಒಂದೇ ರೀಡ್‌ನ ರಿಜಿಸ್ಟರ್ ಹಾಕಿ. ಕಾರ್ಡ್‌ಗೆ ಹೋಗುವಾಗ ಮೊದಲು ಎರಡು ಸ್ವರ, ಆಮೇಲೆ ಮೂರು.

ನನ್ನದು ಹಳೇ ವಾದ್ಯ. ಗಾಳಿ ಸೋರುತ್ತಿದೆಯಾ ಅಂತ ತಿಳಿಯುವುದು ಹೇಗೆ?

ವಾದ್ಯ ಹೊತ್ತು ಕೂತು, ಬೆಲ್ಲೋಸ್ ಮೇಲೆ ಕೆಳಗೆ ಇರುವ ಪಟ್ಟಿ ಬಿಚ್ಚಿ. ಯಾವ ಕೀಯನ್ನೂ, ಬಟನ್ನನ್ನೂ ಒತ್ತದೆ ಮೆಲ್ಲಗೆ ಎಳೆಯಿರಿ. ಚೆನ್ನಾಗಿರುವ ವಾದ್ಯ ಗಟ್ಟಿಯಾಗಿ ತಡೆಯುತ್ತದೆ. ಸುಮ್ನೆ ಬಿಚ್ಚಿಕೊಳ್ಳುತ್ತಾ ಹೋದರೆ ಸೋರಿಕೆ ಇದೆ. ಸೋರುವ ವಾದ್ಯದಲ್ಲಿ ಶೇಕ್ ಕಲಿಯುವುದು ತುಂಬಾ ಕಷ್ಟ, ತಿರುವಿನಲ್ಲಿ ಒತ್ತಡ ಏರುವುದೇ ಇಲ್ಲ. ಎಷ್ಟೋ ಜನ ತಮಗೆ ಬರಲ್ಲ ಅಂತ ಬಿಟ್ಟುಬಿಡುತ್ತಾರೆ, ತೊಂದರೆ ಇರುವುದು ಬೆಲ್ಲೋಸ್ ಚೌಕಟ್ಟಿನ ಅಂಚಿಗೆ ಅಂಟಿಸಿದ ಪಟ್ಟಿಯಲ್ಲೋ ಕೀ ಕೆಳಗಿನ ಪ್ಯಾಡ್‌ನಲ್ಲೋ ಇರುತ್ತದೆ.

ನಮ್ಮ ಹವೆಯಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ, ರೀಡ್ ಮುಚ್ಚುವ ಚರ್ಮದ ಪಟ್ಟಿಗೆ ಬೂಸ್ಟು ಬರುತ್ತದೆ, ಸೊಟ್ಟಗಾಗುತ್ತದೆ. ರೀಡ್ ಅಂಟಿಸುವುದು ಜೇನುಮೇಣ ಮತ್ತು ರಾಳದ ಮಿಶ್ರಣದಿಂದ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅದು ಮೆತ್ತಗಾಗಿ ರೀಡ್ ಜಾರುತ್ತದೆ. ವಾದ್ಯ ಇಡುವ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಿ, ಮಳೆಗಾಲದಲ್ಲಿ ದಿನಾ ಸ್ವಲ್ಪವಾದರೂ ನುಡಿಸಿ.

ಇಷ್ಟು ಅಲ್ಲಾಡಿಸಿದರೆ ಬೆಲ್ಲೋಸ್ ಹರಿಯುವುದಿಲ್ಲವಾ?

ಚೆನ್ನಾಗಿರುವ ಬೆಲ್ಲೋಸ್ ಹರಿಯಲ್ಲ. ರಟ್ಟು, ಬಟ್ಟೆ, ಮೂಲೆಗಳಲ್ಲಿ ಮೆತ್ತನೆ ಚರ್ಮ ಹಾಕಿ ಮಡಿಸಲೆಂದೇ ಮಾಡಿದ ವಸ್ತು ಅದು. ಮೂಲೆಯ ಚರ್ಮ ಒಣಗಿ ಬಿರುಕು ಬಿಟ್ಟಿದ್ದರೆ ಮಾತ್ರ ಮೊದಲು ರಿಪೇರಿ ಮಾಡಿಸಿ.

ಯಾರನ್ನು ಕೇಳಿ ಕಲಿಯಬೇಕು?

ಮೊದಲು ಬ್ರೆಜಿಲ್‌ನ ಈಶಾನ್ಯ ಭಾಗದವರನ್ನು. ಅಲ್ಲಿ ಅಕಾರ್ಡಿಯನ್‌ಗೆ ಸಾಂಫೋನಾ ಅನ್ನುತ್ತಾರೆ. ಫೊರೊ ಅನ್ನುವ ಕುಣಿತದ ಸಂಗೀತದಲ್ಲಿ, ಹಳೇ ಪದ್ಧತಿಯಲ್ಲಿ, ಮೂರೇ ವಾದ್ಯ: ಸಾಂಫೋನಾ, ಜಬೂಂಬಾ ಅನ್ನುವ ಡೋಲು, ಒಂದು ಟ್ರಯಾಂಗಲ್. ಈ ಮೂವರ ತಂಡವನ್ನು ಜನಪ್ರಿಯ ಮಾಡಿದವರು ಲೂಯಿಜ್ ಗೊಂಜಾಗಾ. 1912ರಲ್ಲಿ ಪೆರ್ನಾಂಬುಕೊ ರಾಜ್ಯದ ಎಶೂನಲ್ಲಿ ಹುಟ್ಟಿದವರು. ಅವರ ತಂದೆ ಜಾನುವಾರಿಯೊ ಹೊಲದಲ್ಲಿ ದುಡಿಯುತ್ತಾ, ಎಂಟು ಬಾಸ್‌ನ ಸಣ್ಣ ವಾದ್ಯ ನುಡಿಸುತ್ತಾ, ಊರವರ ಅಕಾರ್ಡಿಯನ್ ರಿಪೇರಿಯನ್ನೂ ಮಾಡುತ್ತಿದ್ದರು. ಆ ಸಂಗೀತದಲ್ಲಿ ಬೆಲ್ಲೋಸ್ ಶೇಕ್ ಅಲಂಕಾರವಾಗಿ ಬರುವುದಿಲ್ಲ. ಟ್ರಯಾಂಗಲ್ ಜೊತೆ ಸೇರಿ ಅದೇ ತಾಳ ಹಿಡಿದಿರುತ್ತದೆ, ಕುಣಿಯುವವರ ಕಾಲು ಅದನ್ನು ಕೇಳಿಯೇ ನಡೆಯುತ್ತದೆ. ಪಾರಾಯಿಬಾದ ಸಿವೂಕಾ (1930–2006), ಗರಾನ್ಯುನ್ಸ್ ಊರಿನ ದೊಮಿಂಗಿನ್ಯೋಸ್ (1941–2013), ಇವರಿಬ್ಬರನ್ನೂ ತಪ್ಪದೆ ಕೇಳಿ. ನಿಂತುಕೊಂಡು, ಕೆಲವೊಮ್ಮೆ ಹಾಡುತ್ತಲೇ ನುಡಿಸುವ ಇವರ ಎಡಗೈ ನೋಡಿ. ಚಲನೆ ಎಷ್ಟು ಚಿಕ್ಕದು ಅಂತ ಆಶ್ಚರ್ಯ ಆಗುತ್ತದೆ.

ಇನ್ನೊಂದು ತುದಿಗೆ ರಷ್ಯಾದ ಬಯಾನ್ ಇದೆ. ಫ್ರೀಡ್ರಿಖ್ ಲಿಪ್ಸ್ ನುಡಿಸಿದ್ದನ್ನು ಕೇಳಿ. ಸೋಫಿಯಾ ಗುಬೈದುಲಿನಾ 1978ರಲ್ಲಿ ಬಯಾನ್ ಒಂದಕ್ಕೇ ಬರೆದ ಡಿ ಪ್ರೊಫಂಡಿಸ್‌ನಲ್ಲಿ ಬೆಲ್ಲೋಸ್‌ನ ನಡುಕಕ್ಕೆ ಕುಣಿತದ ಸಂಬಂಧವೇ ಇಲ್ಲ. ಅಲ್ಲಿ ಅದು ಭಯ, ಪ್ರಾರ್ಥನೆ. ಒಂದೇ ಕೈಚಳಕ, ಎರಡು ಬೇರೆ ಲೋಕ. ಇವೆರಡನ್ನೂ ಒಂದೇ ಸಂಜೆ ಕೇಳಿದರೆ ಈ ವಾದ್ಯದ ಮೇಲೆ ಇರುವ ಗೌರವ ಇಮ್ಮಡಿ ಆಗುತ್ತದೆ.

ರಿಕೋಶೆ ಅಂತಾರಲ್ಲ, ಅದೂ ಇದೇನಾ?

ಇದರ ಮುಂದಿನ ಹಂತ. ಬೆಲ್ಲೋಸ್‌ನ ಮೇಲಂಚು, ಕೆಳಂಚು ಬೇರೆ ಬೇರೆ ಹೊತ್ತಿಗೆ ಮುಚ್ಚಿ ಬಡಿಯುವಂತೆ ಮಾಡಿ, ಒಂದು ಚಲನೆಯಿಂದ ಹೆಚ್ಚುವರಿ ಹೊಡೆತ ತೆಗೆಯುತ್ತಾರೆ. ಬಯಾನ್ ವಾದಕರಲ್ಲಿ ಜಾಸ್ತಿ. ಸಾದಾ ಶೇಕ್ 100ರ ವೇಗದಲ್ಲಿ ಸಮವಾಗಿ ಬರುವ ತನಕ ಇದಕ್ಕೆ ಕೈ ಹಾಕಬೇಡಿ.

ಬರೆದ ಸಂಗೀತದಲ್ಲಿ ಇದನ್ನು ಗುರುತಿಸುವುದು ಹೇಗೆ?

ಸ್ವರದ ಕಡ್ಡಿಯ ಮೇಲೆ ಅಡ್ಡಗೆರೆಗಳು, ಪಕ್ಕದಲ್ಲಿ ಬಿ.ಎಸ್. ಅಥವಾ ಬೆಲ್ಲೋಸ್ ಶೇಕ್ ಅನ್ನುವ ಬರಹ. ಎಳೆಯುವುದಕ್ಕೆ, ತಳ್ಳುವುದಕ್ಕೆ ಬೇರೆ ಬೇರೆ ಗುರುತು ಇರುತ್ತವೆ. ಇವು ಎಲ್ಲ ಪ್ರಕಾಶಕರಲ್ಲೂ ಒಂದೇ ಥರ ಇರುವುದಿಲ್ಲ, ಪುಸ್ತಕದ ಮೊದಲ ಪುಟಗಳಲ್ಲಿ ಕೊಟ್ಟಿರುವ ವಿವರಣೆ ನೋಡಿಕೊಳ್ಳಿ.

ನಮ್ಮ ಹಾಡುಗಳಲ್ಲಿ ಬಳಸಬಹುದಾ?

ಬಳಸಬಹುದು, ಕಡಿಮೆ ಬಳಸಿ. ಮುಂಬಯಿಯ ಹಿಂದಿ ಸಿನಿಮಾ ಸಂಗೀತದಲ್ಲಿ ಗೂಡಿ ಸೀರ್ವಾಯಿ, ಈನಾಕ್ ಡೇನಿಯಲ್ಸ್, ಕೇರ್ಸಿ ಲಾರ್ಡ್ ಅವರಂಥವರು ಅಕಾರ್ಡಿಯನ್‌ಗೆ ಕೊಟ್ಟ ದೊಡ್ಡ ಹೆಸರು ಉದ್ದನೆಯ, ಹಾಡುವಂಥ ಸಾಲುಗಳದ್ದು. ಆರ್ಕೆಸ್ಟ್ರಾದಲ್ಲಿ ಆ ಹಳೇ ಹಾಡು ನುಡಿಸುವಾಗ ಪಲ್ಲವಿಯ ಮೇಲೆ ಶೇಕ್ ಹಾಕಿದರೆ ಹಾಡು ಕೆಡುತ್ತದೆ. ಎರಡು ಚರಣಗಳ ನಡುವಿನ ಬಿಜಿಎಂನಲ್ಲಿ, ತಬಲಾ ಅಥವಾ ಢೋಲಕ್ ದುಪ್ಪಟ್ಟು ವೇಗಕ್ಕೆ ಏರುವ ಕಡೆ, ಒಂದೆರಡು ಆವರ್ತ ಇಡಿ. ಢೋಲಕ್‌ನವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಇಬ್ಬರೂ ಒಂದೇ ಜಾಗದಲ್ಲಿ ತುಂಬಿಸೋಕೆ ಹೋದರೆ ಎರಡೂ ಕೇಳಲ್ಲ. ಶೇಕ್ ಮುಗಿಸುವಾಗ ಕೊನೆಯ ಹೊಡೆತ ಎಳೆತದ್ದಾಗಿರಲಿ, ಮುಂದಿನ ಉದ್ದದ ಸಾಲಿಗೆ ಬೆಲ್ಲೋಸ್ ಹಾಗೇ ತೆರೆದುಕೊಂಡು ಹೋಗುತ್ತದೆ.